ಧೂಮಕೇತುವಿಗೆ ಏಳು ಮೂಟೆ

ನಾಟಕದ ಸ್ಟೇಜ್ ಕೆಲಸ ಕಲಿಯುವ ಹುಡುಗ ಹುಡುಗಿಯರು ಆಗಾಗ ನನ್ನನ್ನು ಹುಡುಕಿಕೊಂಡು ಶಿವನಿ ಎಂಬ ನಮ್ಮೂರಿಗೆ ಬರುತ್ತಾರೆ. ಕೈಯಲ್ಲಿ ನೋಟ್‌ಬುಕ್ಕು, ಬಾಯಲ್ಲಿ ಒಂದೇ ಪ್ರಶ್ನೆ: "ನಿಮ್ಮ ಕಾಲದಲ್ಲಿ ಟೆಕ್ನಿಕ್ ಏನಿತ್ತು?" ಬಿದಿರಿತ್ತು, ಹಗ್ಗವಿತ್ತು, ಹುಣಸೆ ಬೀಜದ ಅಂಟಿತ್ತು, ಬೈಯುವುದಕ್ಕೆ ಯಜಮಾನರಿದ್ದರು ಎಂದರೆ ನಗುತ್ತಾರೆ. ನಗಲಿ. ಆದರೆ ನಾನು ಹೇಳಬೇಕಾದದ್ದನ್ನು ಅವರು ಬರೆದುಕೊಳ್ಳುವ ಮೊದಲೇ ಬಸ್ಸಿಗೆ ಹೊತ್ತಾಗಿಬಿಡುತ್ತದೆ. ಅದಕ್ಕೇ ನಾನೇ ಬರೆದಿಡುತ್ತಿದ್ದೇನೆ. ನಾನು ಯಾವಾಗ ಕೂಲಿಯವನಿಂದ ಮೇಸ್ತ್ರಿಯಾದೆ, ಯಾರು ಶಾಲು ಹೊದಿಸಿದರು ಎಂಬುದು ಇದರಲ್ಲಿ ಇಲ್ಲ. ಅದರಿಂದ ನಿಮಗೆ ಮೂರು ಕಾಸಿನ ಉಪಯೋಗವಿಲ್ಲ.

ನಮ್ಮಪ್ಪ ಗಾಡಿಯ ಗಾಲಿ ಮಾಡುವವನು. ನಾನೂ ಅದನ್ನೇ ಮಾಡಿಕೊಂಡು ಇರಬೇಕಾಗಿತ್ತು. ಐವತ್ತರ ದಶಕದಲ್ಲಿ ಒಂದು ಸಲ ಬೀರೂರಿಗೆ ಹೋಗಿದ್ದಾಗ ಸ್ಟೇಷನ್ನಿನ ಹತ್ತಿರ ಒಂದು ನಾಟಕ ಕಂಪನಿ ಟೆಂಟು ಹಾಕಿತ್ತು. ಒಳಗಡೆ ಗಲಾಟೆ. ಏನಂತ ಇಣುಕಿದರೆ, ಸಿಂಹಾಸನದ ಕಾಲು ಮುರಿದು ಮಹಾರಾಜ ಮಕಾಡೆ ಬಿದ್ದಿದ್ದಾನೆ. ನಾನು ಗಾಲಿಯ ಕಡ್ಡಿಗೆಂದು ತಂದಿದ್ದ ಜಾಲಿ ಮರದಿಂದ ಅಲ್ಲೇ ಒಂದು ಕಾಲು ಕೆತ್ತಿ ಕೂರಿಸಿದೆ. ಯಜಮಾನ ಶಂಕರಪ್ಪನವರು ಅದರ ಮೇಲೆ ಹತ್ತಿ ಕುಣಿದು ನೋಡಿ, "ಲೇ ಆಚಾರಿ, ನಾಳೆಯಿಂದ ಇಲ್ಲೇ ಇರು" ಎಂದರು. ಅಷ್ಟೇ ನನ್ನ ಇಂಟರ್‌ವ್ಯೂ.

ಮೊದಲ ವರ್ಷದ ಒಂದು ಎಡವಟ್ಟನ್ನು ಹೇಳಿಬಿಡುತ್ತೇನೆ. ಪಾತಾಳದಿಂದ ರಾಕ್ಷಸ ಎದ್ದು ಬರಲು ಸ್ಟೇಜಿನ ಹಲಗೆಯಲ್ಲಿ ಬಾಗಿಲು ಮಾಡಬೇಕಿತ್ತು. ಮಾಡಿದೆ. ಕೀಲನ್ನು ಮಾತ್ರ ಪ್ರೇಕ್ಷಕರ ಕಡೆ ಕೂರಿಸಿದ್ದೆ. ಆಟದ ದಿನ ಬಾಗಿಲು ನೆಟ್ಟಗೆ ಎದ್ದು ನಿಂತಿತು, ರಾಕ್ಷಸ ಅದರ ಹಿಂದೆ ಮರೆಯಾದ. ಕಡೂರಿನ ಜನಕ್ಕೆ ಕಂಡದ್ದು ಒಂದು ಹಲಗೆ, ಅದರ ಹಿಂದಿನಿಂದ ಒಂದು ಅಬ್ಬರದ ನಗು. ಕೊನೆಗೆ ರಾಕ್ಷಸ ಪಕ್ಕದಿಂದ ತಲೆ ಹೊರಹಾಕಿ, "ಇಲ್ಲಿದೀನಿ ಕಣ್ರಪ್ಪಾ" ಎಂದ. ನೋಡುವವನ ಜಾಗದಲ್ಲಿ ಕೂತು ಕೆಲಸ ನೋಡದಿದ್ದರೆ ಹೀಗಾಗುತ್ತದೆ. ಆಮೇಲೆ ನಾನು ಪ್ರತಿ ಕೆಲಸವನ್ನೂ ಹಿಂದಿನ ಸಾಲಿನ ಚಾಪೆಯ ಮೇಲೆ ಕೂತು ನೋಡಿಯೇ ಒಪ್ಪಿಸುತ್ತಿದ್ದೆ.

ರಷ್ಯಾದವರು ಆಕಾಶಕ್ಕೆ ಉಪಗ್ರಹ ಹಾರಿಸಿದ ಸುದ್ದಿ ಬಂದ ಮೇಲೆ ಯಜಮಾನರಿಗೆ ಪೌರಾಣಿಕ ನಾಟಕಗಳು ರುಚಿಸದಾದವು. ದಿನಾ ಪೇಪರ್ ಓದುವುದು, ಎದ್ದು ಓಡಾಡುವುದು. ಒಂದು ಬೆಳಿಗ್ಗೆ ನನ್ನನ್ನು ಕರೆದು, "ಆಚಾರಿ, ಒಂದು ದೇಶ ಕಟ್ಬೇಕು ಕಣೋ" ಎಂದರು. ದೇಶದ ಹೆಸರು ಅಗ್ನಿದ್ವೀಪ. ಸಮುದ್ರದ ನಡುವೆ ಎಲ್ಲೋ ಇರುವ ನಡುಗಡ್ಡೆ. ಅದಕ್ಕೊಂದು ಬಾವುಟ, ಒಬ್ಬಳು ರಾಣಿ, ಒಬ್ಬ ಸೇನಾಪತಿ, ಮತ್ತೆ ಮೂರು ಕ್ಷಿಪಣಿಗಳು. ಮೂರೂ ಒಂದೇ ವಂಶದವು. ತಮ್ಮ ಕಿಡಿ, ನಡುವಿನವನು ಉಲ್ಕೆ, ಅಣ್ಣ ಧೂಮಕೇತು. ಕಿಡಿ ಗಡಿಯ ತನಕ, ಉಲ್ಕೆ ಪಕ್ಕದ ದೇಶಕ್ಕೆ, ಧೂಮಕೇತು ಭೂಮಿಯ ಆ ಕಡೆಗೆ. ಪೇಪರಿನಲ್ಲಿ ಬಂದಿದ್ದ ಹೆಬ್ಬೆರಳಿನಷ್ಟು ದೊಡ್ಡ ಚಿತ್ರವನ್ನು ತೋರಿಸಿ, "ಇದನ್ನ ಹನ್ನೆರಡು ಮೊಳ ಮಾಡು" ಎಂದರು.

ಗಾಡಿ ಗಾಲಿ ಮಾಡಿದವನಿಗೆ ಉರುಟು ಹೊಸದಲ್ಲ. ಬಿದಿರಿನ ಬಳೆಗಳನ್ನು ಕಟ್ಟಿ, ಸುತ್ತ ಗೋಣಿತಟ್ಟು ಬಿಗಿದು, ಹುಣಸೆ ಬೀಜದ ಅಂಟಿನಲ್ಲಿ ಹಳೆಯ ಪೇಪರುಗಳನ್ನು ಪದರ ಪದರವಾಗಿ ಅಂಟಿಸಿದೆ. ಒಣಗಿದ ಮೇಲೆ ಬೆಳ್ಳಿ ಬಣ್ಣ. ಕಿಡಿ, ಉಲ್ಕೆ ಆಟದ ಸಾಮಾನಿನಂತೆ ಕಂಡವು. ಆದರೆ ಧೂಮಕೇತುವನ್ನು ಹತ್ತು ಜನ ಹಗ್ಗ ಹಾಕಿ ಎತ್ತಿ ನಿಲ್ಲಿಸಿದ ಗಳಿಗೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಅದರ ಪ್ರತಿ ಬಳೆಯನ್ನೂ ಬಾಗಿಸಿದವನು ನಾನು. ಒಳಗೆ ಗಾಳಿ ಬಿಟ್ಟರೆ ಏನೂ ಇಲ್ಲ ಎಂದು ಗೊತ್ತಿದ್ದವನು ನಾನು. ಆದರೂ ಅದು ಎದ್ದು ನಿಂತು, ಟೆಂಟಿನ ಸೂರಿನ ಸಂದಿಯಿಂದ ಬಂದ ಬಿಸಿಲು ಅದರ ಮೂತಿಯ ಮೇಲೆ ಬಿದ್ದಾಗ, ನನಗೆ ಗೊತ್ತಿಲ್ಲದೆಯೇ ಎರಡು ಹೆಜ್ಜೆ ಹಿಂದೆ ಸರಿದೆ. ಅಡಿಗೆಯವನು ಸೌಟು ಹಿಡಿದೇ ಬಂದು ಕೈಮುಗಿದ. ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು.

ಹಾರಿಸುವ ಬಗೆ ಒಂದೊಂದಕ್ಕೂ ಬೇರೆ. ಉಲ್ಕೆಗೆ ಸ್ಟೇಜಿನಿಂದ ಟೆಂಟಿನ ಹಿಂದಿನ ಕಂಬದ ತನಕ, ಜನರ ತಲೆಯ ಮೇಲೆ ತಂತಿ ಎಳೆದಿದ್ದೆ. ಬಾಲದಲ್ಲಿ ಸಾಂಬ್ರಾಣಿ ಹೊಗೆ ಬಿಡುತ್ತಾ ಅದು ತಂತಿಯ ಮೇಲೆ ಜಾರಿ ಶತ್ರುದೇಶಕ್ಕೆ ಹೋಗಬೇಕು. ಬೀರೂರಿನಲ್ಲಿ ಮೊದಲ ಆಟದ ದಿನ ನಡುದಾರಿಯಲ್ಲಿ ನಿಂತುಬಿಟ್ಟಿತು. ಎಲ್ಲಿ ನಿಂತಿತು ಅಂತೀರಿ? ಮುಂದಿನ ಕುರ್ಚಿಯಲ್ಲಿದ್ದ ಅಮಲ್ದಾರರ ಪೇಟದ ನೇರಕ್ಕೆ. ಹೊಗೆಯೆಲ್ಲ ಅವರಿಗೇ. "ಏನಪ್ಪಾ ಶಂಕರಪ್ಪ, ನಿನ್ನ ಅಗ್ನಿದ್ವೀಪಕ್ಕೆ ನಾನೇ ಶತ್ರುವೇನೋ?" ಎಂದು ಅವರು ಕೆಮ್ಮುತ್ತಾ ಕೇಳಿದರು. ಜನ ಬಿದ್ದು ಬಿದ್ದು ನಕ್ಕರು. ಅಷ್ಟು ಜನ ಒರಗಿ ಕೂತ ಮೇಲೆ ಕಂಬ ಮಣಿದು ತಂತಿ ಸಡಿಲವಾಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಖಾಲಿ ಟೆಂಟಿನಲ್ಲಿ ಸರಿಯಾಗಿ ನಡೆದದ್ದು ತುಂಬಿದ ಟೆಂಟಿನಲ್ಲಿ ನಡೆಯುತ್ತದೆ ಅಂತಿಲ್ಲ.

ಧೂಮಕೇತುವಿಗೆ ತಂತಿ ಸಾಲದು. ಅದು ನೆಟ್ಟಗೆ ಮೇಲೇಳಬೇಕು. ಅದಕ್ಕೆ ಬಾವಿಯ ರಾಟೆಯ ಉಪಾಯ ಮಾಡಿದೆ. ದೊಡ್ಡ ರಾಟೆಯ ಮೇಲಿನಿಂದ ಬಂದ ಹಗ್ಗದ ಒಂದು ತುದಿಗೆ ಧೂಮಕೇತು, ಇನ್ನೊಂದು ತುದಿಗೆ ಸ್ಟೇಜಿನ ಮರೆಯಲ್ಲಿ ಹಲಗೆಯ ತೊಟ್ಟಿಲು. ತೊಟ್ಟಿಲಲ್ಲಿ ಮಣ್ಣಿನ ಮೂಟೆಗಳು. ಮೂಟೆಗಳ ಭಾರ ಕ್ಷಿಪಣಿಗಿಂತ ಒಂದು ಕೂದಲಷ್ಟು ಹೆಚ್ಚಿರಬೇಕು. ಬುಡದ ಕೊಕ್ಕೆ ಕಳಚಿದರೆ ತೊಟ್ಟಿಲು ಮೆಲ್ಲಗೆ ಕೆಳಗಿನ ಗುಂಡಿಗೆ ಇಳಿಯುತ್ತದೆ, ಧೂಮಕೇತು ಮೆಲ್ಲಗೆ ಮೇಲೇಳುತ್ತದೆ. ಅದರ ಬುಡಕ್ಕೆ ಕಟ್ಟಿದ ಇನ್ನೊಂದು ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ ಹಿಡಿದು, ಬೇಕಾದಷ್ಟೇ ಸಡಿಲ ಬಿಡುವವನು ನಾನು. ಹಿಂದೆ ತಗಡು ಬಡಿದು, ಹಲಗೆಯ ಮೇಲೆ ಗಾಡಿಯ ಗಾಲಿ ಉರುಳಿಸಿ ಗುಡುಗು ಮಾಡುತ್ತಿದ್ದೆವು. ಆ ಗುಡುಗಿನಲ್ಲಿ, ಹೊಗೆಯ ನಡುವೆ ಅದು ಎದ್ದು ಸೂರಿನ ಕಂಡಿಯಲ್ಲಿ ಮಾಯವಾಗುತ್ತಿದ್ದರೆ ಜನ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು.

ಮೂಟೆಯ ಲೆಕ್ಕವನ್ನು ಕೇಳಿಕೊಳ್ಳಿ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಊರಿಂದೂರಿಗೆ ಮಣ್ಣು ಹೊತ್ತುಕೊಂಡು ಹೋಗುವ ಹುಚ್ಚು ಯಾರಿಗೂ ಇರಲಿಲ್ಲ. ಖಾಲಿ ಚೀಲಗಳನ್ನು ಮಾತ್ರ ಒಯ್ಯುತ್ತಿದ್ದೆವು. ಕಡೂರಿನಲ್ಲಿ ವೇದಾವತಿಯ ಮರಳು, ಅಜ್ಜಂಪುರದಲ್ಲಿ ಕಪ್ಪು ಮಣ್ಣು, ಎಲ್ಲಿ ಟೆಂಟೋ ಅಲ್ಲಿನದನ್ನು ತುಂಬುತ್ತಿದ್ದೆವು. ಧೂಮಕೇತುವಿಗೆ ಐದು ಮೂಟೆ. ಮರಳಾದರೆ ತುಸು ಕಡಿಮೆ, ಮಣ್ಣಾದರೆ ಬಾಯಿತನಕ. ಕೈಯಲ್ಲಿ ಎತ್ತಿ ನೋಡಿದರೆ ನನಗೆ ಗೊತ್ತಾಗುತ್ತಿತ್ತು. ತಕ್ಕಡಿ ಯಾಕೆ ಬೇಕು ಎಂಬ ಜಂಬ.

ಅಜ್ಜಂಪುರದ ಕ್ಯಾಂಪಿಗೆ ಬುಕ್ಕಾಂಬುಧಿಯಿಂದ ಗಾಡಿ ಕಟ್ಟಿಕೊಂಡು ಜನ ಬಂದರು. ಒಬ್ಬ ವಯಸ್ಸಾದ ರೈತ ಮಾರನೆಯ ಬೆಳಿಗ್ಗೆಯೂ ಅಲ್ಲೇ ಉಳಿದಿದ್ದ. "ಒಂದ್ಸಲ ಮುಟ್ಟಿ ನೋಡ್ತೀನಿ ಕಣಪ್ಪಾ" ಎಂದ. ಮುಟ್ಟಿದ. ಸುತ್ತು ಬಂದ. ಆಮೇಲೆ, "ಇದು ಬಿದ್ದಲ್ಲಿ ಏನಾಯ್ತದೆ?" ಎಂದು ಕೇಳಿದ.

"ಇದು ಪೇಪರಿಂದು ಕಣಜ್ಜ" ಎಂದೆ.

"ಇದಲ್ಲಪ್ಪಾ, ನಿಜವಾದ್ದು. ನಮ್ಮ ಕೆರೆ ಏರಿ ಮೇಲೆ ಬಿದ್ರೆ?"

ಬುಕ್ಕಾಂಬುಧಿಯ ಕೆರೆಯನ್ನು ನೋಡಿದವರಿಗೆ ಆ ಏರಿ ಎಂಥದ್ದು ಅಂತ ಗೊತ್ತು. ಏರಿ ಇರಲ್ಲ ಅಂತ ಕಾಣುತ್ತೆ ಎಂದೆ. "ಕೆಳಗಿನ ಊರುಗಳು?" ಎಂದ. ಅವನು ಹೆಗಲ ಮೇಲಿನ ಟವೆಲ್ ತೆಗೆದು ಕೈ ಒರೆಸಿಕೊಂಡು, "ಅಷ್ಟು ಜನ ಕಟ್ಟಿದ್ದನ್ನ ಒಂದು ಗಳಿಗೇಲಿ ತೆಗೆಯೋದಕ್ಕೆ ಇಷ್ಟು ಚೆಂದಾಗಿ ಮಾಡ್ತಾರಾ" ಎಂದು ಹೇಳಿ ಗಾಡಿ ಹತ್ತಿದ.

ಈ ಮಾತನ್ನು ನಾನು ಗಿರಿಜಮ್ಮನವರಿಗೆ ಹೇಳಿದೆ. ಅವರು ಅಗ್ನಿದ್ವೀಪದ ರಾಣಿ. ನನಗಿಂತ ಏಳೆಂಟು ವರ್ಷ ದೊಡ್ಡವರು, ಕಂಪನಿ ಅವರ ದನಿಯ ಮೇಲೆಯೇ ನಡೆಯುತ್ತಿತ್ತು. ಅಲ್ಲಿಯವರೆಗೆ ನಾಟಕದ ಕೊನೆಯಲ್ಲಿ ರಾಣಿ ಕೈ ಎತ್ತಿ ಆಜ್ಞೆ ಕೊಡುತ್ತಿದ್ದಳು, ಧೂಮಕೇತು ಹಾರುತ್ತಿತ್ತು, ಜಯಘೋಷದೊಂದಿಗೆ ಪರದೆ ಬೀಳುತ್ತಿತ್ತು. ಅವತ್ತು ಗಿರಿಜಮ್ಮ ನೇರವಾಗಿ ಯಜಮಾನರ ಎದುರು ಹೋಗಿ ನಿಂತರು.

"ಯಜಮಾನ್ರೇ, ನಾನಿನ್ನು ಕೈ ಎತ್ತಲ್ಲ. ಅದನ್ನ ಹಾರಿಸೋಕೆ ಬಿಡಲ್ಲ. ಆ ಧೂಮಕೇತುಗೇ ನನ್ನ ಕಟ್ಟಿಹಾಕಿಕೊಳ್ತೀನಿ."

"ಜನ ಬರೋದೇ ಅದು ಹಾರೋದನ್ನ ನೋಡೋಕೆ ಕಣಮ್ಮಾ!"

"ಸ್ವಲ್ಪ ಹಾರ್ಲಿ. ನನ್ನೂ ಎತ್ಕೊಂಡು ಎರಡು ಮೊಳ ಏಳ್ಲಿ. ಸೇನಾಪತಿ ಹೆದರಿ ಇಳಿಸ್ತಾನೆ. ಆಗ ನೋಡಿ ಜನ ಏನ್ಮಾಡ್ತಾರೆ ಅಂತ."

ಯಜಮಾನರು ಮೂರು ದಿನ ಮುಖ ಊದಿಸಿಕೊಂಡಿದ್ದು ಕೊನೆಗೆ ಒಪ್ಪಿದರು. ನಾನು ಧೂಮಕೇತುವಿನ ಬುಡಕ್ಕೆ ಕಾಲಿಡಲು ಒಂದು ಹಲಗೆ, ಸೊಂಟಕ್ಕೆ ಚರ್ಮದ ಪಟ್ಟಿ, ಅದರ ಮೇಲೆ ಕಾಣುವುದಕ್ಕೆ ಸರಪಳಿ ಮಾಡಿದೆ. ಐದು ಮೂಟೆ ಏಳಾಯಿತು. "ನಾನು ಎರಡು ಮೂಟೆ ಮಣ್ಣು ಅನ್ನು" ಎಂದು ಗಿರಿಜಮ್ಮ ನಕ್ಕರು. ಅಜ್ಜಂಪುರದಲ್ಲಿ ಉಳಿದ ಎಲ್ಲ ಆಟವೂ ಹಾಗೇ ನಡೆಯಿತು. ರಾಣಿ ಕ್ಷಿಪಣಿಯ ಜೊತೆ ಎರಡು ಮೊಳ ಮೇಲೆದ್ದಾಗ ಹೆಂಗಸರು ಅಯ್ಯೋ ಎಂದು ಎದ್ದು ನಿಲ್ಲುತ್ತಿದ್ದರು.

ಅಲ್ಲಿಂದ ಮುಂದಿನ ಕ್ಯಾಂಪು ತರೀಕೆರೆ. ಸಾಮಾನಿನ ವ್ಯಾಗನ್ನು ಬೀರೂರಿನಲ್ಲಿ ಲೈನು ಬದಲಾಯಿಸುವಾಗ ಒಂದು ದಿನ ತಡವಾಯಿತು. ಭಾನುವಾರ ಮಧ್ಯಾಹ್ನ ಮೂರಕ್ಕೆ ಆಟ, ಸಾಮಾನು ಬಂದದ್ದು ಅವತ್ತೇ ಬೆಳಿಗ್ಗೆ. ಧೂಮಕೇತುವಿನ ಮೂತಿ ದಾರಿಯಲ್ಲಿ ಜಜ್ಜಿಹೋಗಿತ್ತು. ಅದನ್ನು ಸರಿಮಾಡುತ್ತಾ ಕೂತ ನಾನು, ಮೂಟೆ ತುಂಬುವ ಕೆಲಸವನ್ನು ಊರಿನ ನಾಲ್ಕು ಆಳುಗಳಿಗೆ ಹೇಳಿದೆ. "ಏಳು ಮೂಟೆ, ಬಾಯಿತನಕ, ಬಿಗಿಯಾಗಿ ತುಂಬ್ರಪ್ಪಾ" ಎಂದೆ. ಅವರು ಸ್ಟೇಷನ್ನಿನ ಕಡೆ ಬಿದ್ದಿದ್ದ ಕೆಂಪು ಮಣ್ಣು ತುಂಬಿಕೊಂಡು ಬಂದರು. ಬೆಟ್ಟದ ಮೇಲಿನ ಗಣಿಯಿಂದ ಬಂದ ಕಬ್ಬಿಣದ ಅದಿರಿನ ಮಣ್ಣು ಅದು. ಒಂದೊಂದು ಮೂಟೆಯನ್ನು ಇಬ್ಬಿಬ್ಬರು ಹಿಡಿದು ತರುತ್ತಿದ್ದರು.

ನಾನು ಏಣಿಯ ಮೇಲಿನಿಂದಲೇ, "ಏನ್ರಪ್ಪಾ, ಅಜ್ಜಂಪುರದಲ್ಲಿ ಒಬ್ಬೊಬ್ಬನೇ ತರ್ತಿದ್ದ. ನಿಮ್ಗೇನು ಉಂಡಿದ್ದು ಮೈಗೆ ಹತ್ತಲ್ವಾ?" ಎಂದೆ.

ಅವರಲ್ಲೊಬ್ಬ, "ಭಾರ ಐತೆ ಕಣ್ರೀ, ಒಂದ್ಸಲ ಬಂದು ಎತ್ತಿ ನೋಡಿ" ಎಂದ.

ನಾನು ಇಳಿದು ಬರಲಿಲ್ಲ. ಈ ಒಂದು ಸಾಲನ್ನು ಬರೆಯುವುದಕ್ಕೇ ನಾನು ಇಷ್ಟೆಲ್ಲ ಬರೆದೆ ಎಂದುಕೊಳ್ಳಿ. ಅವನು ಕರೆದ, ನಾನು ಇಳಿದು ಬರಲಿಲ್ಲ.

ಟೆಂಟು ಕಿಕ್ಕಿರಿದಿತ್ತು. ಮಧ್ಯಾಹ್ನದ ಆಟವೆಂದು ಹೆಂಗಸರು ಮಕ್ಕಳೇ ಹೆಚ್ಚು. ಹೊರಗೆ ಹೋಗಲು ಇದ್ದದ್ದು ಒಂದೇ ಬಾಗಿಲು. ಕೊನೆಯ ದೃಶ್ಯ ಬಂತು. ರಾಣಿ ಸರಪಳಿ ಬಿಗಿದುಕೊಂಡು, "ನನ್ನನ್ನು ಸುಟ್ಟು ಮುಂದೆ ಹೋಗಲಿ ನಿನ್ನ ಧೂಮಕೇತು!" ಎಂದಳು. ಸೇನಾಪತಿಯ ಪಾತ್ರದ ಹಾಲಪ್ಪ ಕೈ ಬೀಸಿದ. ತಗಡು ಗುಡುಗಿತು. ನಾನು ಕೊಕ್ಕೆ ಕಳಚಿದೆ.

ಹಗ್ಗ ನನ್ನ ಅಂಗೈಯ ಚರ್ಮವನ್ನು ಕಿತ್ತುಕೊಂಡು ಹೋಯಿತು. ಕಂಬಕ್ಕೆ ಹಾಕಿದ್ದ ಒಂದೇ ಸುತ್ತು ನಿಲ್ಲಲಿಲ್ಲ. ತೊಟ್ಟಿಲು ಧಡ್ ಎಂದು ಗುಂಡಿಯ ತಳಕ್ಕೆ ಬಿತ್ತು, ಧೂಮಕೇತು ಸೂರಿಗೆ ಹಾರಿತು, ಹಿಡಿಯಬೇಕಾದ ಹಗ್ಗವೂ ಅದರ ಹಿಂದೆಯೇ ಹೋಗಿ ಯಾರಿಗೂ ಎಟುಕದಷ್ಟು ಎತ್ತರದಲ್ಲಿ ನೇತಾಡಿತು. ಗಿರಿಜಮ್ಮ ಎರಡಾಳಿಗೂ ಹೆಚ್ಚು ಎತ್ತರದಲ್ಲಿದ್ದರು. ಕ್ಷಿಪಣಿ ಸೂರಿನ ಕಂಡಿಗೆ ಬಡಿದು ಜೋಲಿ ಹೊಡೆಯುತ್ತಿತ್ತು. ಬಿದಿರು ಲಟಲಟ ಎನ್ನುವುದು ನನಗೆ ಕೇಳುತ್ತಿತ್ತು.

ಯಜಮಾನರು ಪರದೆಯವನ ಕಡೆ ಕೈ ಎತ್ತಿದರು. ಅಷ್ಟರಲ್ಲಿ ಮೇಲಿನಿಂದ ದನಿ ಬಂತು. ನಡುಗದ, ಹಿಂದಿನ ಚಾಪೆಯ ತನಕ ಮುಟ್ಟುವ ಅದೇ ದನಿ.

"ಯಾರೂ ಕದಲಬೇಡಿ! ಅಗ್ನಿದ್ವೀಪದ ಪ್ರಜೆಗಳೇ, ಕುಳಿತಲ್ಲೇ ಕುಳಿತು ಕೇಳಿ. ನಿಮ್ಮ ರಾಣಿ ಮಾತಾಡುತ್ತಿದ್ದಾಳೆ."

ಎದ್ದಿದ್ದವರು ಕೂತರು. ಇದೂ ನಾಟಕದ್ದೇ ಎಂದುಕೊಂಡು ಯಾರೋ ಶಿಳ್ಳೆ ಹಾಕಿದರು. ನಾನು ಗುಂಡಿಗೆ ಹಾರಿ ಒಂದು ಮೂಟೆ ಎತ್ತಲು ನೋಡಿದೆ. ಅಲುಗಲಿಲ್ಲ. ಆಗ ಅರ್ಥವಾಯಿತು. ಮೂಟೆಗಳನ್ನು ಹೊರಗೆಸೆದರೆ ಒಂದೇ ಏಟಿಗೆ ಅವರು ಕೆಳಗೆ ಬೀಳುತ್ತಾರೆ. ಎಸೆಯದಿದ್ದರೆ ಬಿದಿರು ಮುರಿಯುತ್ತದೆ. ಸೊಂಟದಲ್ಲಿದ್ದ ಉಳಿ ತೆಗೆದು ಮೂಟೆಗಳ ಮೂಲೆಯನ್ನು ಒಂದೊಂದಾಗಿ ಸೀಳಿ, ತೊಟ್ಟಿಲಿನಿಂದಾಚೆಗೆ ಮಣ್ಣು ಸೋರಲು ಬಿಟ್ಟೆ. ಅದು ಗೋಧಿ ಸುರಿದಂತೆ ಸಣ್ಣಗೆ ಸುರಿಯುತ್ತಿತ್ತು. ಇನ್ನೂ ಬೇಗ ಎಂದು ಕೈ ಹೇಳುತ್ತಿತ್ತು, ಬೇಡ ಎಂದು ಬುದ್ಧಿ ಹೇಳುತ್ತಿತ್ತು.

ಮೇಲೆ ಗಿರಿಜಮ್ಮ ಮಾತಾಡುತ್ತಲೇ ಇದ್ದರು. ಯಾರೂ ಬರೆದುಕೊಡದ ಮಾತು. "ಸೇನಾಪತಿ, ಇಲ್ಲಿಂದ ನನಗೆ ಎರಡು ದೇಶಗಳೂ ಕಾಣುತ್ತಿವೆ. ಅಲ್ಲೊಂದು ಕೆರೆ, ಅದರ ಏರಿ. ಏರಿಯ ಕೆಳಗೆ ಹೆಂಗಸರು ಕಳೆ ಕೀಳುತ್ತಿದ್ದಾರೆ. ಅವರು ಯಾವ ದೇಶದವರೆಂದು ಇಷ್ಟು ಎತ್ತರದಿಂದ ಹೇಗೆ ಹೇಳಲಿ? ನೀನು ಹೇಳುತ್ತೀಯಾ?" ಹಾಲಪ್ಪ ಬಾಯಿ ತೆರೆದು ನಿಂತಿದ್ದ. ಒಬ್ಬ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಯಜಮಾನರು ಆಮೇಲೆ ಹೇಳಿದರು.

ತೊಟ್ಟಿಲು ಮಿಸುಕಿತು. ತಕ್ಷಣ ಸೋರುವ ಬಾಯಿಗಳಿಗೆ ಟವೆಲ್ಲು, ಅಂಗಿ ಎಲ್ಲ ತುರುಕಿ, ನಾನೇ ತೊಟ್ಟಿಲಿನ ಮೇಲೆ ಅಡ್ಡ ಬಿದ್ದು ಮೈಭಾರ ಹಾಕಿದೆ. ಕಾಲಿನಿಂದ ಒಂದಿಷ್ಟು ಮಣ್ಣು ತಳ್ಳುವುದು, ತಡೆಯುವುದು. ಮೇಲಿನಿಂದ ದನಿ: "ಧೂಮಕೇತುವೇ, ಅವಸರ ಬೇಡ. ಇಷ್ಟು ಹೊತ್ತು ಕಾದಿದ್ದೇನೆ, ಇನ್ನಷ್ಟು ಕಾಯುತ್ತೇನೆ. ಮೆಲ್ಲಗೆ ಇಳಿ." ಆ ಮಾತು ನನಗೆ ಎಂದು ನನಗೆ ಗೊತ್ತಿತ್ತು. ಅಳುತ್ತಾ ಮಣ್ಣು ತಳ್ಳಿದೆ. ಕ್ಷಿಪಣಿ ಗೇಣು ಗೇಣಾಗಿ ಇಳಿಯಿತು. ನೇತಾಡುತ್ತಿದ್ದ ಹಗ್ಗ ಎಟುಕಿದ ಕೂಡಲೇ ಹಾಲಪ್ಪ ಎಚ್ಚೆತ್ತು, ಹಾರಿ ಹಿಡಿದು, ಮತ್ತೆ ಮೇಲೇಳದಂತೆ ಕಂಬಕ್ಕೆ ನಾಲ್ಕು ಸುತ್ತು ಸುತ್ತಿ ಎಳೆದ. ರಾಣಿಯ ಪಾದ ನೆಲ ಮುಟ್ಟಿತು. ಪರದೆ ಬಿತ್ತು. ತರೀಕೆರೆಯ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಹನ್ನೆರಡು ಮೊಳದ ಆ ಕ್ಷಿಪಣಿಯನ್ನು ನೋಡಿ ಬೆರಗಾದವನು ನಾನು. ಅವತ್ತಿನ ಮೇಲೆ ಅದು ನನಗೆ ಗೋಣಿತಟ್ಟಾಗಿ ಕಂಡಿತು. ಬೆರಗೆಲ್ಲ ಆ ಹೆಂಗಸಿನ ಕಡೆಗೆ ಹೊರಟುಹೋಯಿತು.

ಯಜಮಾನರು ಕೈ ಎತ್ತಿಕೊಂಡು ಬಂದವರು ನನ್ನ ಅಂಗೈ ನೋಡಿ ಇಳಿಸಿದರು. "ಎತ್ತಿ ನೋಡ್ಲಿಲ್ವೇನೋ?" ಎಂದರು. ಇಲ್ಲ ಎಂದೆ. ಇನ್ನು ನನಗೆ ಇಲ್ಲಿ ಮುಖವಿಲ್ಲ ಎನಿಸಿತು. ಉಳಿ, ಬಾಚಿ ಗಂಟು ಕಟ್ಟಿಕೊಂಡೆ. ಸಂಜೆಯ ರೈಲಿಗೆ ಬೀರೂರು, ಅಲ್ಲಿಂದ ಊರು. ಹೋಗುವ ಮೊದಲು ತಪ್ಪು ಒಪ್ಪಿಕೊಂಡು ಹೋಗೋಣವೆಂದು ಗಿರಿಜಮ್ಮನವರ ಬಿಡಾರಕ್ಕೆ ಹೋದೆ. ಅವರು ಕಾಫಿಯ ಲೋಟ ಹಿಡಿದು ಕೂತಿದ್ದರು.

"ಅಮ್ಮಾ, ತಪ್ಪು ನಂದು. ಆಳು ಕರೆದ, ನಾನು ಇಳಿದು ನೋಡ್ಲಿಲ್ಲ. ನಾನು ಊರಿಗೆ ಹೋಗ್ತೀನಿ. ಬೇರೆ ಮೇಸ್ತ್ರಿ ಬರ್ತಾನೆ. ನೀವೂ ಇನ್ನು ಹತ್ತಬೇಡಿ. ನಿಮ್ಮ ಧೈರ್ಯ ನನಗೆ..."

"ಯಾವ ಧೈರ್ಯ?" ಎಂದರು. "ಕೆಳಗೆ ಅಷ್ಟು ಮಕ್ಕಳು ಕಂಡ್ವು, ಒಂದೇ ಬಾಗಿಲು ಕಾಣ್ತು. ನಾನು ಕಿರುಚಿದ್ರೆ ಕಾಲ್ತುಳಿತ ಆಗೋದು. ಅದಕ್ಕೆ ಮಾತಾಡ್ದೆ. ಮಾತಾಡ್ತಾ ಮಾತಾಡ್ತಾ ಸೀರೆಯೆಲ್ಲ ಒದ್ದೆ ಮಾಡ್ಕೊಂಡಿದ್ದೆ ಕಣೋ, ಚಿಕ್ಕ ಮಗು ಹಾಗೆ. ಕೆಳಗಿದ್ದೋರಿಗೆ ಕಾಣ್ತೋ ಏನೋ ಅಂತ ಈಗ ನಾಚಿಕೆ."

ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಾಫಿ ಮುಗಿಸಿದರು. ಆಮೇಲೆ ನನ್ನ ಕೈಯ ಗಂಟನ್ನು ನೋಡಿ ರೇಗಿದರು.

"ಇಳಿಸೋದು ಹೇಗೆ ಅಂತ ಈಗ ನಿನ್ನೊಬ್ಬನಿಗೇ ಗೊತ್ತಿರೋದು. ಹೊಸಬನಿಗೆ ಕಲಿಸ್ಕೊಂಡು ನಾನು ಸಾಯ್ಲಾ? ಗಂಟು ಬಿಚ್ಚು. ಮಂಡಿಗೆ ಹೋಗಿ ಮೂಟೆ ತೂಗಿಸ್ಕೊಂಡು ಬಾ. ನಾಳೆ ರಾಣಿಗೆ ಕಪ್ಪು ಸೀರೆ ಇಡು ಅಂತ ಬಟ್ಟೆಯವನಿಗೆ ಹೇಳಿದೀನಿ."